‘ಡೆಲ್ವ್’ ಬರೆದರೂ ಅನುಮಾನ, ಬರೆಯದಿದ್ದರೂ ಅನುಮಾನ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಒಂದು ಪಿಡಿಎಫ್ ಓಡಾಡಲು ಶುರುವಾಗುತ್ತದೆ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ, ಅಲ್ಲಿಂದ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ. ಒಳಗೆ ಸಾವಿರವೋ ಮೂರು ಸಾವಿರವೋ ಇಂಗ್ಲಿಷ್ ಪದಗಳು. ಪ್ರತಿ ಪದಕ್ಕೂ ಒಂದು ಸಾಲಿನ ಅರ್ಥ, ಎರಡು ಸಮಾನಾರ್ಥಕ, ಒಂದು ವಿರುದ್ಧಾರ್ಥಕ. ಗ್ಯಾರುಲಸ್ ಅಂದರೆ ವಾಚಾಳಿ. ಟ್ಯಾಸಿಟರ್ನ್ ಅಂದರೆ ಮಿತಭಾಷಿ. ಎಫೆಮರಲ್ ಅಂದರೆ ಕ್ಷಣಿಕ. ಅಬ್‌ಸ್ಟ್ರೂಸ್ ಅಂದರೆ ಸುಲಭಕ್ಕೆ ಅರ್ಥವಾಗದ್ದು. ಮೆಸ್ಸಿನ ಸಾಲಿನಲ್ಲಿ ನಿಂತಾಗಲೂ, ಬಸ್ಸಿನಲ್ಲಿ ಸೀಟು ಸಿಗದೆ ಜೋತಾಡುವಾಗಲೂ ಇದೇ ಜಪ.

ಇಂಥ ಪದಗಳನ್ನು ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಭಾಷೆ ಕಲಿತವರು ಯಾರೂ ಕೆಟ್ಟಿಲ್ಲ. ಆದರೆ ಕಳೆದ ಎರಡು ಮೂರು ವರ್ಷಗಳಲ್ಲಿ ಈ ಪದಗಳ ಮಾರುಕಟ್ಟೆ ಬೆಲೆ ಬದಲಾಗಿದೆ. ಆ ಬದಲಾವಣೆ ನಮ್ಮ ಪಿಡಿಎಫ್‌ಗೂ ತಲುಪಿಲ್ಲ, ಪ್ರಶ್ನೆಪತ್ರಿಕೆ ಮಾಡುವವರಿಗೂ ತಲುಪಿದಂತಿಲ್ಲ. ಅದರಿಂದ ಹೆಚ್ಚು ನಷ್ಟವಾಗುವುದು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷಿನ ನೀರಿಗೆ ಬಿದ್ದವರಿಗೆ. ಅವರಿಗೆ ಇರುವುದು ಸ್ವಲ್ಪವೇ ಸಮಯ. ಅದನ್ನು ಯಾವ ಪದಕ್ಕೆ ಖರ್ಚು ಮಾಡಬೇಕು ಎಂಬುದು ಅವರ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ.

ಪಟ್ಟಿ ಎಲ್ಲಿಂದ ಬಂತು?

ಈ ಪದಪಟ್ಟಿಗಳ ಮೂಲ ಅಮೆರಿಕದ ಪ್ರವೇಶ ಪರೀಕ್ಷೆಗಳಲ್ಲಿದೆ. ಅಲ್ಲಿನ ಸ್ನಾತಕೋತ್ತರ ಕೋರ್ಸುಗಳಿಗೆ ಬೇಕಾದ ಜಿಆರ್‌ಇ ಪರೀಕ್ಷೆಯಲ್ಲಿ ಒಂದು ಕಾಲಕ್ಕೆ ವಿರುದ್ಧ ಪದ ಆರಿಸುವ ಪ್ರಶ್ನೆಗಳಿದ್ದವು. ಪದಜೋಡಿಗಳ ಸಂಬಂಧ ಹುಡುಕುವ ‘ಅನಾಲಜಿ’ ಪ್ರಶ್ನೆಗಳೂ ಇದ್ದವು. ಅದಕ್ಕಾಗಿಯೇ ಬ್ಯಾರನ್ಸ್ ಪ್ರಕಾಶನ ಸುಮಾರು 3,500 ಪದಗಳ ಪಟ್ಟಿ ಹೊರತಂದಿತು. ನಮ್ಮ ಕೈಯಲ್ಲಿರುವ ಪಿಡಿಎಫ್‌ಗಳಲ್ಲಿ ಬಹಳಷ್ಟು ಅಂಥ ಪಟ್ಟಿಗಳ ಮರಿಮಕ್ಕಳು.

ಈಗ ಅಲ್ಲೇನಾಗಿದೆ ನೋಡಿ. ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ 1994ರಲ್ಲಿ ವಿರುದ್ಧ ಪದಗಳನ್ನು ಕೈಬಿಟ್ಟಿತು, 2005ರಲ್ಲಿ ಅನಾಲಜಿಯನ್ನು ಬಿಟ್ಟಿತು, 2016ರಲ್ಲಿ ಬಿಟ್ಟ ಸ್ಥಳ ತುಂಬುವ ಕಠಿಣ ಪದಗಳ ಪ್ರಶ್ನೆಗಳನ್ನೂ ತೆಗೆದು, ಸಂದರ್ಭದಲ್ಲಿ ಪದಕ್ಕೆ ಯಾವ ಅರ್ಥ ಬರುತ್ತದೆ ಎಂದು ಕೇಳತೊಡಗಿತು. ಜಿಆರ್‌ಇ ಕೂಡ 2011ರ ಆಗಸ್ಟ್‌ನಲ್ಲಿ ವಿರುದ್ಧ ಪದ, ಅನಾಲಜಿ ಎರಡನ್ನೂ ಬಿಟ್ಟಿತು. ಕಠಿಣ ಪದ ಅಲ್ಲಿ ಈಗಲೂ ಬೇಕು, ಆದರೆ ವಾಕ್ಯದೊಳಗೆ. ಒಂಟಿ ಪದ ಕೊಟ್ಟು ‘ಇದರ ವಿರುದ್ಧ ಯಾವುದು?’ ಎಂದು ಕೇಳಿದರೆ ಕಂಠಪಾಠ ಅಳೆಯಬಹುದೇ ಹೊರತು ಓದುವ ಶಕ್ತಿಯನ್ನಲ್ಲ ಎಂದು ಪ್ರಶ್ನೆ ಹುಟ್ಟಿಸಿದವರಿಗೇ ಅನ್ನಿಸಿತು.

ನಾವು ಮಾತ್ರ ಅವರು ಖಾಲಿ ಮಾಡಿದ ಮನೆಯಲ್ಲಿ ಇನ್ನೂ ಬಾಡಿಗೆಗಿದ್ದೇವೆ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು; ಎರಡನೇ ಹಂತದಲ್ಲಿ 45 ಪ್ರಶ್ನೆ, 135 ಅಂಕ. ಅವುಗಳಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟು, ‘ಅನೇಕ ಪದಗಳಿಗೆ ಒಂದೇ ಪದ’ ಇವು ಬಂದೇ ಬರುತ್ತವೆ. ಐಟಿ ಕಂಪನಿಗಳ ಆಯ್ಕೆಗೆ ಬಳಕೆಯಾಗುವ ಆನ್‌ಲೈನ್ ಪರೀಕ್ಷೆಗಳಲ್ಲೂ ‘ವರ್ಬಲ್’ ವಿಭಾಗವಿದೆ. ಬ್ಯಾಂಕ್ ಪರೀಕ್ಷೆಗಳು ಸ್ವಲ್ಪ ಜಾಣತನ ತೋರಿಸಿವೆ. ಅಲ್ಲಿ ಗದ್ಯಭಾಗ ಓದಿ ಉತ್ತರಿಸುವುದಕ್ಕೆ ಹೆಚ್ಚು ತೂಕ.

ಒಂದು ಮಾತು ನಾರ್ಮನ್ ಲೂಯಿಸ್ ಬಗ್ಗೆ. ಅವರ ‘ವರ್ಡ್ ಪವರ್ ಮೇಡ್ ಈಸಿ’ ಮೊದಲು ಬಂದಿದ್ದು 1949ರಲ್ಲಿ. ಇಂದಿಗೂ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಆ ಪುಸ್ತಕ ಕೊಳ್ಳದೆ ಬಂದ ಸ್ಪರ್ಧಾರ್ಥಿ ಕಡಿಮೆ. ಆದರೆ ಅದು ಪಟ್ಟಿಯಲ್ಲ. ಒಂದು ಲ್ಯಾಟಿನ್ ಅಥವಾ ಗ್ರೀಕ್ ಬೇರನ್ನು ಹಿಡಿದು, ಅದರಿಂದ ಹುಟ್ಟಿದ ಪದಗಳನ್ನೆಲ್ಲ ಕಥೆಯಂತೆ ಹೇಳುತ್ತಾ ಹೋಗುವ ಪುಸ್ತಕ. ನಮ್ಮವರು ಕಥೆಯನ್ನೂ ಬೇರನ್ನೂ ಕಿತ್ತು, ಪದವನ್ನು ಮಾತ್ರ ಎಕ್ಸೆಲ್ ಶೀಟಿಗೆ ಹಾಕಿಕೊಂಡರು.

ದೊಡ್ಡ ಪದದ ದೊಡ್ಡಸ್ತಿಕೆ

ಪರೀಕ್ಷೆಗೆ ಹೊರತಾಗಿಯೂ ಕಠಿಣ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಒಂದು ಗತ್ತು ಇದೆ. 2017ರ ಮೇ ತಿಂಗಳಲ್ಲಿ ಶಶಿ ತರೂರ್ ಒಂದು ಟ್ವೀಟ್‌ನಲ್ಲಿ ‘ಫರಾಗೊ’ ಎಂಬ ಪದ ಬಳಸಿದ್ದೇ ತಡ, ದೇಶವೆಲ್ಲ ನಿಘಂಟು ತೆರೆಯಿತು. ಮರುವರ್ಷ ತಮ್ಮ ಪುಸ್ತಕದ ಸುದ್ದಿ ಹೇಳಲು ಅವರು ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಎಂದರು. ಯಾವುದನ್ನಾದರೂ ನಿಷ್ಪ್ರಯೋಜಕ ಎಂದು ತಳ್ಳಿಹಾಕುವುದು ಎಂದು ಅದರ ಅರ್ಥ. ಅದನ್ನು ಒಂದೇ ಉಸಿರಲ್ಲಿ ಹೇಳುವ ಪೈಪೋಟಿಯೂ ನಡೆಯಿತು. ತರೂರ್‌ಗೆ ಅದು ಆಟ. ಪದಗಳ ಬಗ್ಗೆಯೇ 2020ರಲ್ಲಿ ‘ತರೂರೊಸಾರಸ್’ ಎಂಬ ಪುಸ್ತಕ ತಂದವರು ಅವರು. ಅವರ ಮಾತಿಗೆ ತೂಕ ಬಂದದ್ದು ಆ ಪದಗಳಿಂದಲ್ಲ, ಪದಗಳು ಅವರ ಮಾತಿನ ಮೇಲೆ ಕೂತ ಗರಿ. ನಾವು ಗರಿಯನ್ನೇ ಹಕ್ಕಿ ಎಂದುಕೊಂಡೆವು.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಡೇನಿಯಲ್ ಓಪನ್‌ಹೈಮರ್ ಎಂಬ ಮನೋವಿಜ್ಞಾನಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿನಾಕಾರಣ ಉದ್ದುದ್ದ ಪದ ಬಳಸಿದ ಬರಹವನ್ನು ಓದಿದವರು ಬರೆದವರ ಬುದ್ಧಿಗೆ ಕಡಿಮೆ ಅಂಕ ಕೊಟ್ಟರು. ಅದೇ ವರ್ಷ ಅವರಿಗೆ ಸಾಹಿತ್ಯದ ಇಗ್ ನೊಬೆಲ್ ಪ್ರಶಸ್ತಿ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ತಮಾಷೆಯೆಂದರೆ ಆ ಪ್ರಬಂಧದ ಶೀರ್ಷಿಕೆಯನ್ನು ಅವರು ಬೇಕೆಂದೇ ಅತಿ ಕಠಿಣ ಪದಗಳಲ್ಲಿ ಇಟ್ಟಿದ್ದರು.

ಈಗ ಬಂದ ಪೇಚು

ಇದೆಲ್ಲ ಹಳೆಯ ಮಾತು. ಹೊಸದು ಶುರುವಾದದ್ದು 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ. ಅಲ್ಲಿವರೆಗೆ ಒಂದು ಕವರ್ ಲೆಟರ್‌ನಲ್ಲಿ ನಾಲ್ಕು ಭಾರಿ ಪದ ಕಂಡರೆ ‘ಇವನು ಓದಿಕೊಂಡವನು’ ಎಂಬ ಭಾವನೆ ಬರುತ್ತಿತ್ತು. ಆ ಪದ ಕಲಿಯಲು ವರ್ಷಗಳು ಬೇಕಿದ್ದವು, ಆದ್ದರಿಂದ ಅದು ಶ್ರಮದ ಗುರುತು. ಈಗ ಅದೇ ಪದಗಳನ್ನು ಯಂತ್ರ ಪುಕ್ಕಟೆಯಾಗಿ ಸೆಕೆಂಡುಗಳಲ್ಲಿ ಸುರಿಯುತ್ತದೆ. ಎಲ್ಲರ ಕೈಗೂ ಪುಕ್ಕಟೆ ಸಿಗುವುದನ್ನು ನೋಡಿ ಯಾರೂ ಯಾರನ್ನೂ ಜಾಣ ಎನ್ನುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಅಮೆರಿಕದ ಹೂಡಿಕೆದಾರ, ವೈ ಕಾಂಬಿನೇಟರ್ ಸಂಸ್ಥೆಯ ಸಹಸ್ಥಾಪಕ ಪಾಲ್ ಗ್ರಹಾಂ ಒಂದು ಮಾತು ಬರೆದರು. ಯಾರೋ ಹೊಸ ಯೋಜನೆಯ ಬಗ್ಗೆ ಅವರಿಗೆ ಇಮೇಲ್ ಕಳಿಸಿದ್ದರು. ಅದರಲ್ಲಿ ‘ಡೆಲ್ವ್’ ಎಂಬ ಪದ ಕಂಡಿತು ಎಂದು. ‘ಆಳಕ್ಕಿಳಿದು ಹುಡುಕು’ ಎಂಬರ್ಥದ ಆ ಪದ ಕಂಡರೆ ಅದು ಚಾಟ್‌ಜಿಪಿಟಿ ಬರೆದದ್ದು ಎಂಬುದು ಅವರ ಇಂಗಿತ. ನೈಜೀರಿಯಾದವರು ತಿರುಗಿಬಿದ್ದರು. ಬ್ರಿಟಿಷರ ಕಾಲದ ಶಾಲೆಗಳ ಪರಂಪರೆಯಲ್ಲಿ ಇಂಗ್ಲಿಷ್ ಕಲಿತ ನಮಗೆ ಅದು ದಿನಬಳಕೆಯ ಪದ, ನಾವು ಮಾತಾಡುವುದೇ ಹೀಗೆ ಎಂದರು. ಆ ಜಗಳ ಓದುವಾಗ ನನಗೆ ನೈಜೀರಿಯಾ ದೂರದ ದೇಶ ಅನ್ನಿಸಲಿಲ್ಲ. ನಮ್ಮ ಗ್ರಾಮರ್ ಪುಸ್ತಕ, ರಜಾ ಅರ್ಜಿ, ‘ರೆಸ್ಪೆಕ್ಟೆಡ್ ಸರ್’ ಎಲ್ಲವೂ ಅದೇ ಮರದ ಇನ್ನೊಂದು ಕೊಂಬೆ.

ಗ್ರಹಾಂ ಅವರ ಅನುಮಾನಕ್ಕೆ ಆಧಾರ ಇರಲಿಲ್ಲ ಎಂದಲ್ಲ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ಪಬ್‌ಮೆಡ್‌ನಲ್ಲಿರುವ ಒಂದು ಕೋಟಿಗೂ ಹೆಚ್ಚು ವೈದ್ಯಕೀಯ ಪ್ರಬಂಧಗಳ ಸಾರಾಂಶಗಳನ್ನು ಜಾಲಾಡಿದರು. ‘ಡೆಲ್ವ್ಸ್’, ‘ಅಂಡರ್‌ಸ್ಕೋರ್ಸ್’, ‘ಶೋಕೇಸಿಂಗ್’ನಂಥ ಪದಗಳು ಚಾಟ್‌ಜಿಪಿಟಿ ಬಂದ ನಂತರ ಹಠಾತ್ತನೆ ಏರಿದ್ದನ್ನು ಕಂಡರು. 2024ರ ಸಾರಾಂಶಗಳಲ್ಲಿ ಕನಿಷ್ಠ ಹತ್ತಕ್ಕೊಂದರಲ್ಲಿ ಯಂತ್ರದ ಕೈ ಇದೆ ಎಂಬುದು ಅವರ ಅಂದಾಜು. ಆದರೆ ಕೋಟಿ ಪ್ರಬಂಧಗಳ ರಾಶಿಯಲ್ಲಿ ಕಾಣುವ ಏರಿಳಿತ ಬೇರೆ, ಒಬ್ಬ ಅಭ್ಯರ್ಥಿಯ ಒಂದು ಪತ್ರ ಬೇರೆ. ರಾಶಿಯ ಲೆಕ್ಕವನ್ನು ಒಬ್ಬನ ಮೇಲೆ ಹೇರಿದರೆ ಅನ್ಯಾಯ ಆಗಿಯೇ ಆಗುತ್ತದೆ. ಸಂಖ್ಯಾಶಾಸ್ತ್ರದ ಮೊದಲ ಪಾಠ ಕೇಳಿದವರಿಗೂ ಇದು ಗೊತ್ತು.

ಹಾಗಾದರೆ ಸರಳ ಪದಗಳಲ್ಲೇ ಬರೆದರಾಯಿತು, ಬಚಾವ್ ಎಂದುಕೊಳ್ಳುತ್ತೀರಾ? ಅಲ್ಲೇ ಇರುವುದು ಪೇಚು. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ‘ಇದು ಎಐ ಬರೆದದ್ದೇ?’ ಎಂದು ಪತ್ತೆಹಚ್ಚುವ ಏಳು ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಅವಕ್ಕೆ ತಿನ್ನಿಸಿದರು. ಎಲ್ಲವೂ ಮನುಷ್ಯರೇ ಬರೆದವು. ಆದರೂ ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಿಗೆ ‘ಯಂತ್ರ ಬರೆದದ್ದು’ ಎಂಬ ಮುದ್ರೆ ಬಿತ್ತು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳ ವಿಷಯದಲ್ಲಿ ಮಾತ್ರ ಅವೇ ಸಾಫ್ಟ್‌ವೇರ್‌ಗಳು ಹೆಚ್ಚುಕಡಿಮೆ ಸರಿಯಾಗಿ ಹೇಳಿದವು.

ಕಾರಣ ತಾಂತ್ರಿಕವಾದರೂ ಸುಲಭ. ಇಂಥ ಸಾಫ್ಟ್‌ವೇರ್ ಬಹುಮಟ್ಟಿಗೆ ನೋಡುವುದು ‘ಪರ್‌ಪ್ಲೆಕ್ಸಿಟಿ’ ಎಂಬ ಅಳತೆಯನ್ನು. ಒಂದು ಪದದ ನಂತರ ಮುಂದಿನ ಪದ ಏನಿರಬಹುದು ಎಂದು ಸುಲಭವಾಗಿ ಊಹಿಸಲಾದರೆ ಆ ಸಂಖ್ಯೆ ಕಡಿಮೆ, ಊಹೆ ತಪ್ಪುತ್ತಾ ಹೋದರೆ ಹೆಚ್ಚು. ಯಂತ್ರದ ಬರಹದಲ್ಲಿ ಅದು ಕಡಿಮೆ. ಎರಡನೆಯ ಭಾಷೆಯಲ್ಲಿ ಹುಷಾರಾಗಿ, ಗೊತ್ತಿರುವ ಪದಗಳನ್ನೇ ಜೋಡಿಸಿ ಬರೆಯುವ ನಮ್ಮ ಬರಹದಲ್ಲೂ ಕಡಿಮೆ. ಇನ್ನೂ ವಿಚಿತ್ರ ಕೇಳಿ. ಅದೇ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದಲೇ ಶ್ರೀಮಂತಗೊಳಿಸಿ ಮತ್ತೆ ಕೊಟ್ಟಾಗ ತಪ್ಪು ಮುದ್ರೆಗಳು ಗಣನೀಯವಾಗಿ ಇಳಿದವು. ಸ್ವಂತ ಬರೆದರೆ ಯಂತ್ರ, ಯಂತ್ರದಿಂದ ತಿದ್ದಿಸಿದರೆ ಮನುಷ್ಯ! 2023ರ ಜುಲೈನಲ್ಲಿ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆಯಂತ್ರದ ನಿಖರತೆ ಸಾಲದೆಂದು ಅದನ್ನು ಹಿಂಪಡೆಯಿತು. ಆದರೂ ಇಂಥ ಸಾಫ್ಟ್‌ವೇರ್‌ಗಳು ಪ್ರಾಜೆಕ್ಟ್ ವರದಿಗಳ ಮೇಲೆ ಇವತ್ತೂ ಓಡುತ್ತಿವೆ.

ಒಟ್ಟಿನಲ್ಲಿ ಕಠಿಣ ಪದ ಬಳಸಿದರೆ ಓದುವ ಮನುಷ್ಯನಿಗೆ ಅನುಮಾನ, ಸರಳ ಪದ ಬಳಸಿದರೆ ಸಾಫ್ಟ್‌ವೇರ್‌ಗೆ ಅನುಮಾನ. ಈ ಎರಡರ ನಡುವೆ ಸಿಕ್ಕವರಿಗೆ ಪಿಡಿಎಫ್‌ನ ಮೂರು ಸಾವಿರ ಪದ ಏನು ಸಹಾಯ ಮಾಡೀತು? ನನ್ನ ಉತ್ತರ: ಪರೀಕ್ಷೆಯಲ್ಲಿ ಒಂದೆರಡು ಅಂಕ ಕೊಡಿಸಬಹುದು, ಅಷ್ಟೇ. ಬರಹದಲ್ಲಿ ನಮ್ಮನ್ನು ಉಳಿಸುವುದು ಬೇರೆ ಯಾರೂ ಬರೆಯಲಾಗದ ವಿವರ. ‘ಪ್ರಾಜೆಕ್ಟ್‌ನಲ್ಲಿ ಹಲವು ಸವಾಲುಗಳನ್ನು ಎದುರಿಸಿದೆ’ ಎಂದು ಯಾವ ಯಂತ್ರವೂ ಬರೆಯುತ್ತದೆ. ‘ತೇವಾಂಶದ ಸೆನ್ಸರ್ ನಾಲ್ಕು ದಿನಕ್ಕೆ ತುಕ್ಕು ಹಿಡಿಯಿತು, ಆಮೇಲೆ ಕೆಪ್ಯಾಸಿಟಿವ್ ಸೆನ್ಸರ್ ಹಾಕಿದೆವು’ ಎಂದು ಬರೆಯಲು ಆ ಸೆನ್ಸರ್ ಕೈಯಲ್ಲಿ ಹಿಡಿದಿರಬೇಕು. ಅದಕ್ಕೆ ಬೇಕಾದ ಇಂಗ್ಲಿಷ್ ಪದಗಳು ಯಾವುವು ಎಂಬುದೇ ಈಗಿನ ಪ್ರಶ್ನೆ.

ಮಧ್ಯದ ಮೆಟ್ಟಿಲು

ನನ್ನ ಗೆಳೆಯನೊಬ್ಬ ಕನ್ನಡ ಮಾಧ್ಯಮದವನು. ಕೋಡಿಂಗ್‌ನಲ್ಲಿ ನಮಗೆಲ್ಲ ಹೇಳಿಕೊಡುವಷ್ಟು ಗಟ್ಟಿ. ಇಂಟರ್‌ವ್ಯೂನಲ್ಲಿ ಅವನ ಹನಿ ನೀರಾವರಿ ಪ್ರಾಜೆಕ್ಟ್ ಬಗ್ಗೆ ‘ಇದರಲ್ಲಿ ಟ್ರೇಡ್-ಆಫ್ ಏನಿತ್ತು?’ ಎಂದು ಕೇಳಿದರಂತೆ. ಒಂದನ್ನು ಪಡೆಯಲು ಇನ್ನೊಂದನ್ನು ಎಷ್ಟು ಬಿಟ್ಟುಕೊಟ್ಟೆ ಎಂದು ಆ ಪ್ರಶ್ನೆಯ ಅರ್ಥ. ಬ್ಯಾಟರಿ ಹೆಚ್ಚು ದಿನ ಬರಲಿ ಎಂದು ಅವನು ಸೆನ್ಸರ್ ಓದುವ ಅಂತರವನ್ನು ಹತ್ತು ನಿಮಿಷಕ್ಕೆ ಏರಿಸಿದ್ದ. ಅದೇ ಟ್ರೇಡ್-ಆಫ್. ಮಾಡಿದ್ದ, ಆದರೆ ಆ ಪದ ಗೊತ್ತಿರಲಿಲ್ಲ, ಸುಮ್ಮನೆ ಕೂತ. ಅವನಿಗೆ ಗ್ಯಾರುಲಸ್ ಗೊತ್ತಿತ್ತು, ಟ್ಯಾಸಿಟರ್ನ್ ಕೂಡ ಗೊತ್ತಿತ್ತು. ಪಟ್ಟಿಯಲ್ಲಿ ಟ್ರೇಡ್-ಆಫ್ ಇರಲಿಲ್ಲ.

ಬಹಳ ಸುಲಭವೂ ಅಲ್ಲದ, ಅಪರೂಪವೂ ಅಲ್ಲದ ಇಂಥ ಮಧ್ಯದ ಪದಗಳನ್ನು ಯಾರೂ ಕಲಿಸುವುದಿಲ್ಲ. ಸುಲಭದವು ಹೈಸ್ಕೂಲಿನಲ್ಲಿ ಬರುತ್ತವೆ, ಅಪರೂಪದವು ಪಿಡಿಎಫ್‌ನಲ್ಲಿ ಬರುತ್ತವೆ. ನಡುವಿನ ಮೆಟ್ಟಿಲು ಕಾಣೆ. ಈ ಕೊರತೆಯನ್ನು ಭಾಷಾಶಿಕ್ಷಣದವರು ಗುರುತಿಸಿ ಬಹಳ ಕಾಲವಾಯಿತು, ಅದೂ ನಮ್ಮ ಉಪಖಂಡದಲ್ಲೇ. ಮೈಕಲ್ ವೆಸ್ಟ್ ಎಂಬ ಬ್ರಿಟಿಷ್ ಶಿಕ್ಷಣಾಧಿಕಾರಿ ಅವಿಭಜಿತ ಬಂಗಾಳದ ಢಾಕಾದಲ್ಲಿ ಕೆಲಸ ಮಾಡುತ್ತಿದ್ದಾಗ, ಬಂಗಾಳಿ ಹುಡುಗರಿಗೆ ಅಗತ್ಯವಿರುವುದು ಇಂಗ್ಲಿಷಿನಲ್ಲಿ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಎಂದು ಕಂಡುಕೊಂಡರು. ಹೆಚ್ಚು ಬಳಕೆಯ ಪದಗಳನ್ನು ಮೊದಲು ಕಲಿಸುವ ಪಾಠಪುಸ್ತಕಗಳನ್ನು ಮಾಡಿದರು. 1953ರಲ್ಲಿ ಅವರ ಸಂಪಾದನೆಯಲ್ಲಿ ಸುಮಾರು 2,000 ಮೂಲಪದಗಳ ‘ಜನರಲ್ ಸರ್ವೀಸ್ ಲಿಸ್ಟ್’ ಬಂತು. ಅದರ ಮೇಲಿನ ಮೆಟ್ಟಿಲನ್ನು ಕಟ್ಟಿದವರು ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್. 2000ದಲ್ಲಿ ಅವರು ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ನಲ್ಲಿ ಇರುವುದು 570 ಪದಕುಟುಂಬಗಳು ಮಾತ್ರ. ಆದರೆ ಅವರು ಪರಿಶೀಲಿಸಿದ ವಿಶ್ವವಿದ್ಯಾಲಯ ಮಟ್ಟದ ಬರಹಗಳಲ್ಲಿ ಪ್ರತಿ ಹತ್ತು ಪದಕ್ಕೆ ಒಂದು ಈ 570ರಿಂದಲೇ ಬಂದಿತ್ತು.

ಆ ಪಟ್ಟಿಯ ಪದಗಳು ನೋಡಿ: ಡೆರೈವ್, ಅಲೊಕೇಟ್, ಕನ್‌ಸ್ಟ್ರೇನ್, ಸಫಿಶಿಯೆಂಟ್, ಸಬ್‌ಸೀಕ್ವೆಂಟ್, ವೇರ್ಆ್ಯಸ್, ನೆವರ್‌ದಲೆಸ್, ಆಲ್‌ಬೀಯಿಟ್. ಒಂದಕ್ಕೂ ತರೂರ್ ಗತ್ತು ಇಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರೆ ಯಾರೂ ಲೈಕ್ ಕೊಡುವುದಿಲ್ಲ. ಆದರೆ ಡೇಟಾಶೀಟ್, ಸಂಶೋಧನಾ ಪ್ರಬಂಧ, ಕೋಡಿಂಗ್ ಪರೀಕ್ಷೆಯ ಒಂದೂವರೆ ಪುಟದ ಪ್ರಶ್ನೆ ಎಲ್ಲದರ ಕೀಲುಗಳೂ ಇವೇ. ‘ವೇರ್ಆ್ಯಸ್’ ಎಂದರೆ ‘ಆದರೆ ಇದಕ್ಕೆ ಪ್ರತಿಯಾಗಿ’ ಎಂದು ಹೊಳೆಯದಿದ್ದರೆ ಎರಡು ಅಲ್ಗಾರಿದಂಗಳ ಹೋಲಿಕೆಯೇ ತಲೆಕೆಳಗಾಗುತ್ತದೆ. ಒಂದು ಅಣಕು ಪರೀಕ್ಷೆಯಲ್ಲಿ ನಮ್ಮ ತರಗತಿಯ ಹಲವರು ಮುಗ್ಗರಿಸಿದ್ದು ಕೋಡ್ ಬರೆಯಲಾಗದೆ ಅಲ್ಲ, ಪ್ರಶ್ನೆಯನ್ನು ಪೂರ್ತಿ ಓದಿ ಮುಗಿಸಲಾಗದೆ.

ಅದರ ಮೇಲಕ್ಕೂ ಹೋಗಬೇಕಾದವರು ಇದ್ದಾರೆ. ನ್ಯೂಜಿಲೆಂಡಿನವರೇ ಆದ ಪಾಲ್ ನೇಷನ್ 2006ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಇಂಗ್ಲಿಷ್ ಕಾದಂಬರಿ ಅಥವಾ ಪತ್ರಿಕೆಯನ್ನು ನಿಘಂಟಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ಅಷ್ಟನ್ನು ಯಾರೂ ಪಟ್ಟಿಯಿಂದ ಬಾಯಿಪಾಠ ಮಾಡಲಾರರು. ಓದುತ್ತ ಓದುತ್ತ ಬರುವಂಥದ್ದು ಅದು.

ಕನ್ನಡದ ಕೀಲಿಕೈ

ಕಠಿಣ ಪದ ಬೇಕೇ ಬೇಕು, ಎಸ್‌ಎಸ್‌ಸಿ ಬರೆಯುತ್ತಿದ್ದೇನೆ ಎನ್ನುವವರಿಗೂ ಒಂದು ದಾರಿ ಇದೆ. ಅದನ್ನು ಕೋಚಿಂಗ್ ಸೆಂಟರ್‌ಗಳು ಯಾಕೆ ಹೇಳಿಕೊಡುವುದಿಲ್ಲವೋ ನನಗೆ ತಿಳಿಯದು.

1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತಾಡುತ್ತ ಸರ್ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದರು. ಕನ್ನಡ ದ್ರಾವಿಡ ಭಾಷೆ, ಆ ಕುಟುಂಬದ್ದಲ್ಲ. ಆದರೆ ನಮ್ಮ ಮಾತಿನಲ್ಲಿ ಸಂಸ್ಕೃತದಿಂದ ಬಂದ ಪದಗಳು ಧಾರಾಳ. ಇಂಗ್ಲಿಷಿನ ಕಠಿಣ ಪದಗಳು ಬಹಳಷ್ಟು ಲ್ಯಾಟಿನ್, ಗ್ರೀಕ್‌ನಿಂದ ಬಂದವು. ಹಾಗಾಗಿ ಕನ್ನಡ ಮಾಧ್ಯಮದಲ್ಲಿ ಓದಿದವರ ಜೇಬಿನಲ್ಲಿ ಅರ್ಧ ಕೀಲಿಕೈ ಆಗಲೇ ಇದೆ.

‘ಅನಾನಿಮಸ್’ ತೆಗೆದುಕೊಳ್ಳಿ: ಅನ್ ಅಂದರೆ ಇಲ್ಲ, ಉಳಿದದ್ದು ನಾಮ. ನಮ್ಮ ‘ಅನಾಮಿಕ’ನೇ ಅವನು. ‘ಪೆರಿಫೆರಿ’ಯ ಪೆರಿ ನಮ್ಮ ‘ಪರಿಧಿ’ಯ ಪರಿ. ‘ಇಗ್ನೈಟ್’ನಲ್ಲಿ ಅಗ್ನಿ ಇದೆ, ‘ನೋವಿಸ್’ನಲ್ಲಿ ನವ ಇದೆ, ಸಾಯುವ ಸ್ಥಿತಿಯಲ್ಲಿರುವ ಎಂಬರ್ಥದ ‘ಮಾರಿಬಂಡ್’ನಲ್ಲಿ ಮರಣ ಇದೆ. ನಿದ್ದೆಗಣ್ಣಿನ ಎಂಬರ್ಥದ ‘ಸಾಮ್ನೊಲೆಂಟ್’ನ ಸಾಮ್ನ್ ನಮ್ಮ ಸ್ವಪ್ನದ ಸೋದರ. ‘ಡಿಸ್‌ಟೋಪಿಯಾ’, ‘ಡಿಸ್‌ಲೆಕ್ಸಿಯಾ’ಗಳ ಮೊದಲಿರುವ ಗ್ರೀಕ್ ಡಿಸ್ ನಮ್ಮ ದುರ್ಬಲ, ದುಸ್ಸಾಹಸಗಳ ದುರ್, ದುಸ್. ‘ಡೆಕ್ಸ್‌ಟೆರಿಟಿ’ ಅಂದರೆ ಕೈಚಳಕ. ಅದರ ಬೇರು ಲ್ಯಾಟಿನ್ನಿನಲ್ಲಿ ಬಲಗೈ. ನಮ್ಮ ‘ದಕ್ಷ’, ‘ದಕ್ಷಿಣ’ ಎರಡಕ್ಕೂ ಅದರೊಡನೆ ನಂಟು. ಗದ್ದಲ ಮಾಡುವ ಎಂಬರ್ಥದ ‘ವೊಸಿಫೆರಸ್’ ಒಡೆದರೆ ವೊಸಿ ನಮ್ಮ ವಾಕ್, ಫೆರ್ ಎಂದರೆ ಹೊರು, ನಮ್ಮ ಭಾರದ ಭರ್. ದನಿಯನ್ನು ಹೊತ್ತು ತಿರುಗುವವನು! ‘ಮ್ಯಾಗ್ನಾನಿಮಸ್’ ಅಂದರೆ ದೊಡ್ಡ ಮನಸ್ಸಿನವನು. ಮ್ಯಾಗ್ನ್ ನಮ್ಮ ಮಹಾ, ಅನಿಮ್‌ಗೂ ‘ಪ್ರಾಣ’ದಲ್ಲಿರುವ ಅನ್ ಧಾತುವಿಗೂ ಮೂಲ ಒಂದೇ. ಅಕ್ಷರಶಃ ಬಿಡಿಸಿದರೆ ಹೆಚ್ಚುಕಡಿಮೆ ಮಹಾಪ್ರಾಣ. ಖ, ಘ, ಛ, ಝ ಕಲಿತವರಿಗೆ ಇದು ಮರೆಯುವುದುಂಟೇ?

ಎಚ್ಚರವೂ ಬೇಕು. ಸದ್ದು ಹೋಲಿದ್ದೆಲ್ಲ ನೆಂಟರಲ್ಲ. ‘ಹ್ಯೂಮನ್’ನಲ್ಲಿ ಮನ್ ಕಂಡು ‘ಮಾನವ’ ಎಂದು ಹಾರಬೇಡಿ. ಅದು ಲ್ಯಾಟಿನ್ನಿನ ಮಣ್ಣು, ‘ಹ್ಯೂಮಸ್’ ಕಡೆಯ ನೆಂಟ. ಅನುಮಾನ ಬಂದರೆ ಒಳ್ಳೆಯ ನಿಘಂಟಿನಲ್ಲಿ ಪದಮೂಲ ನೋಡಿ. ನಮ್ಮಿಂದ ಹೋದ ಪದಗಳೂ ಪಟ್ಟಿಯಲ್ಲಿ ಸಿಗುತ್ತವೆ. ಎದುರಿಗೆ ಬಂದದ್ದನ್ನೆಲ್ಲ ತುಳಿಯುತ್ತ ಸಾಗುವ ದೈತ್ಯಶಕ್ತಿ ಎಂಬರ್ಥದ ‘ಜಗರ್ನಾಟ್’ ಪುರಿಯ ಜಗನ್ನಾಥನ ರಥದಿಂದ ಬಂದದ್ದು. ಅದನ್ನು ವಿದೇಶಿ ಪದವೆಂದು ಉರು ಹೊಡೆಯುವವರನ್ನು ನೋಡಿದ್ದೇನೆ.

ನೆನಪಿನ ವಿಷಯಕ್ಕೆ ಬಂದರೆ, ಒಂದೇ ರಾತ್ರಿ ಇನ್ನೂರು ಪದ ಓದುವುದಕ್ಕಿಂತ ದಿನಕ್ಕೆ ಹತ್ತು ಓದಿ, ನಾಳೆ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಮತ್ತೆ ನೋಡುವುದು ವಾಸಿ. ಮರೆವಿನ ವೇಗವನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟಿದ್ದಾನೆ. ‘ಆಂಕಿ’ಯಂಥ ಉಚಿತ ಸಾಫ್ಟ್‌ವೇರ್ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ರಟ್ಟಿನ ಕಾರ್ಡೂ ಸಾಕು.

ಪರೀಕ್ಷೆ ಬದಲಾಗಬೇಡವೇ?

ಭಾಷೆಯ ವಿಷಯದಲ್ಲಿ ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. 2014ರಲ್ಲಿ ದೆಹಲಿಯಲ್ಲಿ ಸಿಸ್ಯಾಟ್ ವಿರುದ್ಧ ಯುಪಿಎಸ್‌ಸಿ ಅಭ್ಯರ್ಥಿಗಳು ಬೀದಿಗಿಳಿದ ಮೇಲೆ ಅದರ ಇಂಗ್ಲಿಷ್ ಪ್ರಶ್ನೆಗಳ ಅಂಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 2015ರಿಂದ ಆ ಪತ್ರಿಕೆಯಲ್ಲಿ ಶೇ 33 ಪಡೆದರೆ ಸಾಕು. 2023ರಲ್ಲಿ ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆ ಹಿಂದಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬಂತು. 2024ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯೂ ಹಾಗೆಯೇ ನಡೆಯಿತು. ಒಳ್ಳೆಯದೇ. ಆದರೆ ಎಂಟಿಎಸ್‌ನಲ್ಲಿ ಇಂಗ್ಲಿಷ್ ವಿಭಾಗ ಅಲ್ಲೇ ಉಳಿದಿದೆ, ಉಳಿಯಲಿ. ಇಂಗ್ಲಿಷ್ ಬೇಕಾದ ಕೆಲಸಕ್ಕೆ ಇಂಗ್ಲಿಷ್ ಕೇಳುವುದರಲ್ಲಿ ತಪ್ಪಿಲ್ಲ. ಏನು ಕೇಳುತ್ತೀರಿ ಎಂಬುದು ನನ್ನ ತಕರಾರು.

ನಮ್ಮ ವಿಟಿಯು 2022ರ ಸ್ಕೀಮಿನಲ್ಲಿ ಮೊದಲ ವರ್ಷಕ್ಕೆ ‘ಕಮ್ಯುನಿಕೇಟಿವ್ ಇಂಗ್ಲಿಷ್’ ಇದೆ, ಒಂದು ಕ್ರೆಡಿಟ್. ಅದರ ಸೆಮಿಸ್ಟರ್ ಪರೀಕ್ಷೆ ಬಹುಆಯ್ಕೆಯದು. ಸಂವಹನದ ಪರೀಕ್ಷೆಯಲ್ಲಿ ಒಂದು ವಾಕ್ಯವನ್ನೂ ಬರೆಯದೆ, ಗುಂಡು ತುಂಬಿ ಪಾಸಾಗಬಹುದು. ಬದಲಿಗೆ ಒಂದು ಪುಟದ ಡೇಟಾಶೀಟ್ ಕೊಟ್ಟು ‘ಇದರಲ್ಲಿರುವ ಮಿತಿಗಳನ್ನು ಐದು ವಾಕ್ಯದಲ್ಲಿ ಹೇಳಿ’ ಎಂದರೆ? ತಿದ್ದುವವರಿಗೆ ಕೆಲಸ ಹೆಚ್ಚು, ನಿಜ. ನೂರಾರು ಕಾಲೇಜುಗಳ ಉತ್ತರಪತ್ರಿಕೆಯನ್ನು ಕೈಯಲ್ಲಿ ತಿದ್ದುವುದು ಸುಲಭವಲ್ಲ ಎಂಬುದೂ ನನಗೆ ಗೊತ್ತು. ಆದರೆ ಕಾಲೇಜು ಮಟ್ಟದ ಆಂತರಿಕ ಅಂಕಗಳನ್ನಾದರೂ ಹೀಗೆ ಕೊಡಬಹುದಲ್ಲ? ಕಂಪನಿಗಳೂ ಅಷ್ಟೇ. ಮುಂದಿನ ಸುತ್ತಿನಲ್ಲಿ ಹೇಗೂ ಪ್ರಾಜೆಕ್ಟ್ ವಿವರಿಸಿ ಎನ್ನುತ್ತಾರೆ, ಅದಕ್ಕೂ ಮೊದಲೇ ಎಫೆಮರಲ್ ಗೊತ್ತಿಲ್ಲದವನನ್ನು ಮನೆಗೆ ಕಳಿಸಿದರೆ ನಷ್ಟ ಯಾರದು?

ಅದೆಲ್ಲ ಆಗುವವರೆಗೆ ಕಾಯಲು ನಮಗೆ ಪುರಸೊತ್ತಿಲ್ಲ. ನಮ್ಮ ತರಗತಿಯ ಆರು ಜನ ಶನಿವಾರ ಮಧ್ಯಾಹ್ನ ಖಾಲಿ ಲ್ಯಾಬಿನಲ್ಲಿ ಸೇರುತ್ತೇವೆ. ಒಬ್ಬರು ತಮ್ಮ ಪ್ರಾಜೆಕ್ಟ್ ಬಗ್ಗೆ ನಾಲ್ಕು ನಿಮಿಷ ಇಂಗ್ಲಿಷಿನಲ್ಲಿ ಹೇಳಬೇಕು, ಉಳಿದವರು ‘ಯಾಕೆ?’, ‘ಇಲ್ಲದಿದ್ದರೆ ಏನಾಗುತ್ತಿತ್ತು?’ ಎಂದು ಕೆಣಕಬೇಕು. ಮಾತು ಎಲ್ಲಿ ನಿಂತಿತೋ ಅಲ್ಲಿ ಯಾವ ಪದ ಬೇಕಿತ್ತು ಎಂದು ಹುಡುಕಿ ಕಾರ್ಡಿನಲ್ಲಿ ಬರೆಯುತ್ತೇವೆ, ಹಿಂದೆ ಕನ್ನಡದಲ್ಲಿ ಅರ್ಥ, ಕೆಳಗೆ ನಮ್ಮದೇ ಪ್ರಾಜೆಕ್ಟ್‌ನ ಒಂದು ವಾಕ್ಯ. ಈಗ ಡಬ್ಬಿ ತುಂಬುತ್ತ ಬಂದಿದೆ. ಟ್ರೇಡ್-ಆಫ್ ಇದೆ, ಬಾಟಲ್‌ನೆಕ್ ಇದೆ, ವೇರ್ಆ್ಯಸ್, ಅಸ್ಯೂಮ್, ಪ್ರಯಾರಿಟಿ, ವರ್ಕ್ಅರೌಂಡ್ ಇವೆ. ಪಿಡಿಎಫ್‌ನಲ್ಲೂ ಇರುವ ಪದಗಳನ್ನು ಮೊನ್ನೆ ಕೂತು ಎಣಿಸಿದೆವು. ಎರಡೂ ಕೈ ಬೇಕಾಗಲಿಲ್ಲ.